ಸೇತುವೆಗೆ ಸಹಿ ಇದೆ, ಕೋಡ್‌ಗೆ? ಸಾಫ್ಟ್‌ವೇರ್ ಎಂಜಿನಿಯರ್‌ಗಳ ಲೈಸೆನ್ಸ್ ಮತ್ತು ಹೊಣೆ

[ದೃಶ್ಯ: ಸೇತುವೆಯ ನಕ್ಷೆ. ಕ್ಯಾಮೆರಾ ನಿಧಾನವಾಗಿ ಕೆಳಗಿನ ಮೂಲೆಗೆ ಸರಿಯುತ್ತದೆ. ಅಲ್ಲಿ ದುಂಡು ಮುದ್ರೆ, ಸಹಿ, ದಿನಾಂಕ.]

ನಿರೂಪಣೆ: ಈ ಮುದ್ರೆಯನ್ನು ನೋಡಿ. ಅಮೆರಿಕದಲ್ಲೋ ಕೆನಡಾದಲ್ಲೋ ಸಾರ್ವಜನಿಕ ಸೇತುವೆ ಕಟ್ಟಬೇಕಾದರೆ, ಲೈಸೆನ್ಸ್ ಇರುವ ಎಂಜಿನಿಯರ್ ಒಬ್ಬರು ಅದರ ನಕ್ಷೆಗೆ ಹೀಗೆ ಮುದ್ರೆಯೊತ್ತಿ ಸಹಿ ಹಾಕಬೇಕು. ಲೆಕ್ಕ ತಪ್ಪಿದರೆ ಯಾರನ್ನು ಕೇಳಬೇಕು ಅನ್ನುವುದು ನಕ್ಷೆಯಲ್ಲೇ ಇದೆ. ಒತ್ತಡಕ್ಕೆ ಮಣಿದು ಸಹಿ ಹಾಕಿದವರ ಲೈಸೆನ್ಸ್ ಹೋಗಬಹುದು. ಆದ್ದರಿಂದಲೇ ಅಲ್ಲಿ "ನಾನು ಸಹಿ ಹಾಕುವುದಿಲ್ಲ" ಅಂದರೆ ಕೆಲಸ ನಿಲ್ಲುತ್ತದೆ.

[ದೃಶ್ಯ: ಕೋಡ್ ರಿವ್ಯೂ ಪರದೆ. ಹಸಿರು "ಅಪ್ರೂವ್" ಗುಂಡಿ.]

ಇದು ಸಾಫ್ಟ್‌ವೇರ್ ಬರೆಯುವ ನಮ್ಮ ಸಹಿ: ಒಬ್ಬರು ಬರೆದ ಕೋಡ್ ಅನ್ನು ಇನ್ನೊಬ್ಬರು ಓದಿ ಒಪ್ಪಿಗೆ ಕೊಡುವ ಗುಂಡಿ. ಹಿಂದೆ ಲೈಸೆನ್ಸ್ ಇಲ್ಲ, ಮುದ್ರೆ ಇಲ್ಲ. ಇವತ್ತು ನೋಡಬೇಕಾದದ್ದು ಎರಡು ವಿಷಯ. ಸಾಫ್ಟ್‌ವೇರ್ ಎಂಜಿನಿಯರ್‌ಗಳಿಗೆ ಲೈಸೆನ್ಸ್ ಯಾಕೆ ಬರಲಿಲ್ಲ? ಅದಿಲ್ಲದಿರುವಾಗ ಈ ಗುಂಡಿ ಒತ್ತುವವರು ಏನು ಮಾಡಬೇಕು? (ಇಲ್ಲಿ ಲೈಸೆನ್ಸ್ ಅಂದರೆ ವೃತ್ತಿಯ ಪರವಾನಗಿ. ಓಪನ್ ಸೋರ್ಸ್ ಲೈಸೆನ್ಸ್‌ಗಳ ಮಾತು ಬೇರೆ.)

[ತೆರೆಯ ಮೇಲೆ: 1998 – 1999 – 2013 – 2019]

1998ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯ ಸಾಫ್ಟ್‌ವೇರ್ ಎಂಜಿನಿಯರಿಂಗ್ ಅನ್ನು ಲೈಸೆನ್ಸ್ ಕೊಡಬಹುದಾದ ಶಾಖೆ ಎಂದು ಒಪ್ಪಿಕೊಂಡಿತು. ಮರುವರ್ಷವೇ ಕಂಪ್ಯೂಟರ್ ತಜ್ಞರ ದೊಡ್ಡ ಸಂಘ ಎಸಿಎಂ ಇದನ್ನು ವಿರೋಧಿಸಿತು. ಸಾಫ್ಟ್‌ವೇರ್ ಸುರಕ್ಷಿತ ಎಂದು ಖಚಿತವಾಗಿ ಹೇಳುವಷ್ಟು ನಮ್ಮ ವಿದ್ಯೆ ಇನ್ನೂ ಗಟ್ಟಿಯಾಗಿಲ್ಲ, ಈಗಲೇ ಲೈಸೆನ್ಸ್ ಕೊಟ್ಟರೆ ಜನರಿಗೆ ಸುಳ್ಳು ಭರವಸೆ ಕೊಟ್ಟಂತಾಗುತ್ತದೆ ಎಂಬುದು ಅವರ ವಾದ. ಆ ವಾದದಲ್ಲಿ ಹುರುಳಿದೆ. ಉಕ್ಕಿನ ತೊಲೆ ಎಷ್ಟು ಭಾರ ತಡೆಯುತ್ತದೆ ಎಂದು ಲೆಕ್ಕ ಹಾಕಿ, ಅದರ ಮೇಲೆ ಇಷ್ಟು ಪಟ್ಟು ಹೆಚ್ಚುವರಿ ಬಲ ಸೇರಿಸಬಹುದು. ಕೋಡ್‌ನಲ್ಲಿ ಒಂದೇ ಒಂದು ಚಿಹ್ನೆ ತಪ್ಪಿದರೂ ಇಡೀ ವ್ಯವಸ್ಥೆ ಕುಸಿಯಬಹುದು. "ಎರಡು ಪಟ್ಟು ಗಟ್ಟಿ ಕೋಡ್" ಎಂಬುದೇ ಇಲ್ಲ.

ಆದರೂ 2013ರಲ್ಲಿ ಎಂಜಿನಿಯರ್‌ಗಳ ಲೈಸೆನ್ಸ್ ಪರೀಕ್ಷೆ ನಡೆಸುವ ಎನ್‌ಸಿಇಇಎಸ್ ಸಂಸ್ಥೆ ಸಾಫ್ಟ್‌ವೇರ್‌ಗೂ ಒಂದು ಪರೀಕ್ಷೆ ತಂದಿತು. ಪದವಿ, ಅದರ ಮೇಲೆ ಮೂಲ ವಿಷಯಗಳ ಪರೀಕ್ಷೆ, ಸಾಮಾನ್ಯವಾಗಿ ನಾಲ್ಕು ವರ್ಷದ ಅನುಭವ, ಆಮೇಲೆ ಇದು. ಐದು ಬಾರಿ ನಡೆಸಿದ ಮೇಲೂ ಬರೆದವರು ಒಟ್ಟು 81 ಜನ. 2019ರ ಏಪ್ರಿಲ್‌ನಲ್ಲಿ ಕೊನೆಯ ಪರೀಕ್ಷೆ ನಡೆಸಿ ನಿಲ್ಲಿಸಿಬಿಟ್ಟರು.

ಕಾರಣ ಸರಳ. ಅಮೆರಿಕದ ಹಲವು ರಾಜ್ಯಗಳಲ್ಲಿ, ಕಂಪನಿಯೊಳಗೆ ಕಂಪನಿಯದೇ ಉತ್ಪನ್ನಕ್ಕೆ ದುಡಿಯುವ ಎಂಜಿನಿಯರ್‌ಗೆ ಲೈಸೆನ್ಸ್ ಬೇಕಿಲ್ಲ ಎಂಬ ವಿನಾಯಿತಿ ಇದೆ. ಸಾಫ್ಟ್‌ವೇರ್ ಬರೆಯುವವರಲ್ಲಿ ಬಹುಪಾಲು ಜನ ಅದರೊಳಗೇ ಬರುತ್ತಾರೆ. ಕೆಲಸಕ್ಕೆ ಬೇಡದ, ಸಂಬಳಕ್ಕೂ ಸೇರದ ಪರೀಕ್ಷೆಯನ್ನು ಯಾರು ಬರೆದಾರು?

[ದೃಶ್ಯ: ವಿಮಾನ, ಆಸ್ಪತ್ರೆಯ ಯಂತ್ರ, ಕಾರು, ಒಂದರ ಪಕ್ಕ ಒಂದು.]

ಹಾಗಾದರೆ ನಿಯಂತ್ರಣವೇ ಇಲ್ಲವೇ? ಇದೆ, ಆದರೆ ವ್ಯಕ್ತಿಯ ಮೇಲಲ್ಲ, ವಸ್ತುವಿನ ಮೇಲೆ. ಸಾಫ್ಟ್‌ವೇರ್ ಹೇಗೆ ಮಾಡಬೇಕು ಎಂದು ಹೇಳುವ ಮಾನದಂಡಗಳಿವೆ: ವಿಮಾನಕ್ಕೆ ಡಿಒ-178ಸಿ, ವೈದ್ಯಕೀಯ ಸಾಧನಗಳಿಗೆ ಐಇಸಿ 62304, ಕಾರುಗಳಿಗೆ ಐಎಸ್‌ಒ 26262. ವೈಫಲ್ಯದಿಂದ ಎಷ್ಟು ಹಾನಿಯಾದೀತು ಎಂಬುದರ ಮೇಲೆ ಕೋಡ್‌ಗೆ ದರ್ಜೆ, ದರ್ಜೆಗೆ ತಕ್ಕ ಪರೀಕ್ಷೆ, ದಾಖಲೆ. ಇಲ್ಲಿ ಎಡವುವುದು ಮೊದಲ ಹೆಜ್ಜೆಯಲ್ಲೇ. ಹಾನಿಯ ಅಂದಾಜು ತಪ್ಪಿದರೆ ಮುಂದಿನ ಪರೀಕ್ಷೆಗಳೆಲ್ಲ ಆ ತಪ್ಪು ಅಂದಾಜಿಗೆ ತಕ್ಕಂತೆಯೇ ಇರುತ್ತವೆ. ಬೋಯಿಂಗ್ 737 ಮ್ಯಾಕ್ಸ್ ವಿಮಾನದ ಎಂಕ್ಯಾಸ್ ಎಂಬ ಸ್ವಯಂಚಾಲಿತ ನಿಯಂತ್ರಣ ಸಾಫ್ಟ್‌ವೇರ್, ಗಾಳಿಗೆ ವಿಮಾನ ಯಾವ ಕೋನದಲ್ಲಿದೆ ಎಂದು ಅಳೆಯುವ ಒಂದೇ ಒಂದು ಸಂವೇದಕವನ್ನು ನಂಬಿ ವಿಮಾನದ ಮೂತಿಯನ್ನು ಕೆಳಗೆ ತಳ್ಳುತ್ತಿತ್ತು. 2018ರ ಅಕ್ಟೋಬರ್ ಮತ್ತು 2019ರ ಮಾರ್ಚ್, ಎರಡು ಅಪಘಾತ, 346 ಸಾವು.

[ದೃಶ್ಯ: ಹಳೆಯ ಟರ್ಮಿನಲ್. ಕರ್ಸರ್ ಮೇಲಕ್ಕೆ ಹೋಗಿ "ಎಕ್ಸ್" ಅಕ್ಷರವನ್ನು "ಇ" ಎಂದು ತಿದ್ದುತ್ತದೆ. ಪಕ್ಕದಲ್ಲಿ 8 ಸೆಕೆಂಡಿನ ಗಡಿಯಾರ.]

ಇದಕ್ಕೂ ಹಿಂದಿನ ಥೆರಾಕ್-25 ಪ್ರಕರಣವನ್ನು ಸ್ವಲ್ಪ ಬಿಡಿಸಿ ನೋಡೋಣ, ಯಾಕೆಂದರೆ ತಪ್ಪು ಎಲ್ಲೆಲ್ಲಿ ಸೇರಿಕೊಳ್ಳುತ್ತದೆ ಎಂಬುದು ಇದರಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಇದು ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಕೊಡುವ ಯಂತ್ರ. 1985ರಿಂದ 1987ರೊಳಗೆ ಆರು ರೋಗಿಗಳಿಗೆ ವಿಪರೀತ ವಿಕಿರಣ ತಗುಲಿತು, ಕೆಲವರು ಸತ್ತರು. ಆಪರೇಟರ್ ಎಕ್ಸ್-ರೇ ಎಂದು ಒತ್ತಿ, ತಪ್ಪು ಗೊತ್ತಾಗಿ ಎಲೆಕ್ಟ್ರಾನ್ ಎಂದು ತಿದ್ದುತ್ತಾರೆ. ಆಗಲೇ ಯಂತ್ರ ಆಯಸ್ಕಾಂತಗಳನ್ನು ಹೊಂದಿಸುತ್ತಿರುತ್ತದೆ, ಅದಕ್ಕೆ ಸುಮಾರು 8 ಸೆಕೆಂಡು ಬೇಕು. ಅಷ್ಟರೊಳಗೆ ತಿದ್ದಿ ಮುಗಿಸಿದರೆ ಕೋಡ್‌ನ ಒಂದು ಭಾಗಕ್ಕೆ ತಿದ್ದುಪಡಿ ಗೊತ್ತೇ ಆಗುವುದಿಲ್ಲ. ಪರದೆಯಲ್ಲಿ ಎಲ್ಲ ಸರಿ. ಒಳಗೆ ಎಕ್ಸ್-ರೇಗೆ ಬೇಕಾದ ಪ್ರಬಲ ಕಿರಣ, ನಡುವೆ ಇರಬೇಕಾದ ತಡೆ ಇಲ್ಲ. ಕೈ ಪಳಗಿ ಬೇಗ ಟೈಪ್ ಮಾಡುವ ಆಪರೇಟರ್‌ಗಳಿಗೇ ಇದು ಎದುರಾಗುತ್ತಿತ್ತು.

ಇದೇ ದೋಷ ಹಿಂದಿನ ಮಾದರಿ ಥೆರಾಕ್-20ರಲ್ಲೂ ಇತ್ತು. ಅಲ್ಲಿ ಹಾರ್ಡ್‌ವೇರ್ ತಡೆಗಳಿದ್ದವು, ಫ್ಯೂಸ್ ಹಾರುತ್ತಿತ್ತು, ರೋಗಿ ಉಳಿಯುತ್ತಿದ್ದರು. ಹೊಸ ಮಾದರಿಯಲ್ಲಿ ಆ ತಡೆಗಳನ್ನು ತೆಗೆದು, ಆ ಕೆಲಸವನ್ನು ಸಾಫ್ಟ್‌ವೇರ್‌ಗೆ ಬಿಟ್ಟರು. ಕೋಡ್ ಬರೆದವರಿಗೆ ಲೈಸೆನ್ಸ್ ಇದ್ದಿದ್ದರೆ ಈ ದೋಷ ಸಿಗುತ್ತಿತ್ತೇ? ಬಹುಶಃ ಇಲ್ಲ. ಆದರೆ "ಫ್ಯೂಸ್ ತೆಗೆಯುತ್ತಿದ್ದೇವೆ, ಅದರ ಬದಲಿಗೆ ಏನಿದೆ, ಅದನ್ನು ಪರೀಕ್ಷಿಸಿದವರು ಯಾರು" ಎಂಬ ಪ್ರಶ್ನೆಯ ಕೆಳಗೆ ಯಾರಾದರೂ ಒಬ್ಬರು ಹೆಸರು ಬರೆಯಬೇಕಾಗುತ್ತಿತ್ತು. ಲೈಸೆನ್ಸ್‌ನಿಂದ ನಮಗೆ ಬೇಕಾದದ್ದು ಅಷ್ಟೇ. ಅದನ್ನು ಲೈಸೆನ್ಸ್ ಇಲ್ಲದೆಯೂ ಮಾಡಬಹುದು.

[ತೆರೆಯ ಮೇಲೆ: "ಮೇಲಿನವರು ಹೇಳಿದರು"]

ಮಾಡದಿದ್ದರೆ? ಫೋಕ್ಸ್‌ವಾಗನ್ ಡೀಸೆಲ್ ಕಾರುಗಳ ಸಾಫ್ಟ್‌ವೇರ್, ಹೊಗೆ ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿ ಆಗ ಮಾತ್ರ ಹೊಗೆ ತಗ್ಗಿಸುತ್ತಿತ್ತು. 2015ರಲ್ಲಿ ಬಯಲಾಯಿತು. ಕಂಪನಿಯ ಎಂಜಿನಿಯರ್ ಜೇಮ್ಸ್ ಲಿಯಾಂಗ್‌ಗೆ 2017ರಲ್ಲಿ ಅಮೆರಿಕದ ನ್ಯಾಯಾಲಯ 40 ತಿಂಗಳ ಜೈಲು ವಿಧಿಸಿತು. ವೃತ್ತಿಗೆ ಲೈಸೆನ್ಸ್ ಇಲ್ಲ ಎಂದ ಮಾತ್ರಕ್ಕೆ ಹೊಣೆ ಇಲ್ಲ ಎಂದಲ್ಲ.

[ದೃಶ್ಯ: ನಿರೂಪಕರು ಕ್ಯಾಮೆರಾ ಎದುರು.]

ಎಸಿಎಂ ಮತ್ತು ಇನ್ನೊಂದು ವೃತ್ತಿಪರ ಸಂಘ ಐಇಇಇ ಕಂಪ್ಯೂಟರ್ ಸೊಸೈಟಿ ಸೇರಿ 1999ರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್‌ಗಳಿಗೆ ತಂದ ನೀತಿಸಂಹಿತೆಯಲ್ಲಿ ಎಂಟು ತತ್ವಗಳಿವೆ. ಮೊದಲನೆಯದು ಸಾರ್ವಜನಿಕ ಹಿತ, ಮಾಲೀಕರ ಹಿತ ಎರಡನೆಯದು. ಅದರ 1.03ನೇ ಅಂಶ ನೇರವಾಗಿ ನಮ್ಮ ಹಸಿರು ಗುಂಡಿಯನ್ನೇ ಕುರಿತದ್ದು: ಸುರಕ್ಷಿತವಾಗಿದೆ, ಹೇಳಿದಂತೆ ಕೆಲಸ ಮಾಡುತ್ತದೆ, ತಕ್ಕ ಪರೀಕ್ಷೆಗಳಲ್ಲಿ ಪಾಸಾಗಿದೆ ಎಂದು ಆಧಾರಸಹಿತ ನಂಬಿಕೆ ಇದ್ದರೆ ಮಾತ್ರ ಒಪ್ಪಿಗೆ ಕೊಡಿ. ಮ್ಯಾನೇಜರ್‌ಗಳಿಗೆ 5.12 ಇದೆ: ನೈತಿಕ ಆತಂಕ ಹೇಳಿಕೊಂಡವರನ್ನು ಶಿಕ್ಷಿಸಬೇಡಿ.

ನಂಬಿಕೆ ಇಲ್ಲದಿದ್ದಾಗ ಆಕ್ಷೇಪವನ್ನು ಬರೆಯಬೇಕು. ಮೀಟಿಂಗ್‌ನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ಮೂರನೇ ದಿನಕ್ಕೆ "ಯಾರೋ ಏನೋ ಅಂದಿದ್ದರು" ಆಗುತ್ತದೆ. "ಇದು ತುಂಬಾ ರಿಸ್ಕಿ" ಎಂದಷ್ಟೇ ಬರೆದರೂ ಪ್ರಯೋಜನವಿಲ್ಲ, ಅದರ ಮೇಲೆ ಯಾರೂ ತೀರ್ಮಾನ ಮಾಡಲಾರರು. ಔಷಧ ಹರಿಸುವ ಪಂಪ್‌ನ ಕಾಲ್ಪನಿಕ ಉದಾಹರಣೆ ನೋಡಿ:

[ತೆರೆಯ ಮೇಲೆ:]
"ಆವೃತ್ತಿ 4.2.1. ಡೋಸ್ ಬದಲಿಸಿದ 2 ಸೆಕೆಂಡಿನೊಳಗೆ ನೆಟ್‌ವರ್ಕ್ ಕಡಿದರೆ ಪರದೆಯಲ್ಲಿ ಹೊಸ ಡೋಸ್, ಪಂಪ್‌ನಲ್ಲಿ ಹಳೆಯ ಡೋಸ್. 50 ಪ್ರಯತ್ನಗಳಲ್ಲಿ 7 ಬಾರಿ ಕಂಡಿದೆ, ಲಾಗ್ ಲಗತ್ತಿಸಿದೆ. ಬ್ಯಾಟರಿಯಲ್ಲಿ ಓಡುವಾಗ ಪರೀಕ್ಷಿಸಿಲ್ಲ. ದಾರಿ ಒಂದು: ಬಿಡುಗಡೆ 6 ದಿನ ಮುಂದೂಡಿ ಸರಿಪಡಿಸುವುದು. ದಾರಿ ಎರಡು: ದೂರದಿಂದ ಡೋಸ್ ಬದಲಿಸುವ ಸೌಲಭ್ಯ ಮುಚ್ಚಿ ಬಿಡುಗಡೆ ಮಾಡುವುದು, 1 ದಿನ. ಈಗಿರುವಂತೆ ಬಿಡುಗಡೆಗೆ ನನ್ನ ಒಪ್ಪಿಗೆ ಇಲ್ಲ. ಗುರುವಾರ ಸಂಜೆಯೊಳಗೆ ತೀರ್ಮಾನ ಬೇಕು."

ನಿರೂಪಣೆ: "ಪರೀಕ್ಷಿಸಿಲ್ಲ" ಎಂಬ ಸಾಲನ್ನು ಬಿಡಬೇಡಿ. ಗೊತ್ತಿಲ್ಲದ್ದನ್ನು ಒಪ್ಪಿಕೊಂಡ ವರದಿಯನ್ನು ಜನ ನಂಬುತ್ತಾರೆ. ಎರಡನೇ ದಾರಿಯೂ ಮುಖ್ಯ: ಮುಂದೂಡುವುದೊಂದೇ ಆಯ್ಕೆಯಾದರೆ ಉತ್ತರ ಬಹುತೇಕ "ಆಗಲ್ಲ" ಎಂದೇ ಬರುತ್ತದೆ.

ಇದನ್ನು ಹಾಕಬೇಕಾದದ್ದು ಕೆಲಸ, ದೋಷಗಳನ್ನು ದಾಖಲಿಸುವ ಕಂಪನಿಯದೇ ಟಿಕೆಟ್ ವ್ಯವಸ್ಥೆಯಲ್ಲಿ, ಚಾಟ್‌ನಲ್ಲಲ್ಲ. ಕೋಡ್ ಅಥವಾ ಲಾಗ್‌ಗಳನ್ನು ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ, ಗೋಪ್ಯತೆಯ ಕರಾರು ಮುರಿದರೆ ಚರ್ಚೆ ಪಂಪ್‌ನಿಂದ ನಿಮ್ಮ ಕಡೆಗೆ ತಿರುಗುತ್ತದೆ. ಮೊದಲು ಟೀಮ್ ಲೀಡ್, ಆಮೇಲೆ ಉತ್ಪನ್ನದ ಹೊಣೆ ಹೊತ್ತವರು, ಆಮೇಲೆ ಗುಣಮಟ್ಟ ಅಥವಾ ಕಾನೂನು ವಿಭಾಗ. ಅಲ್ಲೂ ಕಿವಿಗೊಡದೆ, ಜೀವಕ್ಕೆ ಅಪಾಯ ಉಳಿದಿದ್ದರೆ ನಿಯಂತ್ರಣ ಪ್ರಾಧಿಕಾರ. ಆ ಹೆಜ್ಜೆಗೆ ಮೊದಲು ನಿಮ್ಮದೇ ವಕೀಲರೊಬ್ಬರನ್ನು ಕೇಳಿ. ದೂರು ಕೊಟ್ಟವರಿಗೆ ರಕ್ಷಣೆ ಎಷ್ಟು ಎಂಬುದು ದೇಶದಿಂದ ದೇಶಕ್ಕೆ ಬೇರೆ.

ನಿಮ್ಮ ಆಕ್ಷೇಪವನ್ನು ತಳ್ಳಿಹಾಕಿ ಬಿಡುಗಡೆ ಮಾಡಲು ಮೇಲಿನವರು ತೀರ್ಮಾನಿಸಿದರೆ, ಆ ತೀರ್ಮಾನವನ್ನೂ ಕಾರಣವನ್ನೂ ಅದೇ ಟಿಕೆಟ್‌ನಲ್ಲಿ ಅವರ ಹೆಸರಿನಲ್ಲೇ ಬರೆಯಲು ಕೇಳಿ. ಒತ್ತಾಯಕ್ಕೆ ಹಸಿರು ಗುಂಡಿ ಒತ್ತಬೇಡಿ, ಒತ್ತುವ ಅಧಿಕಾರ ಅವರಿಗಿದ್ದರೆ ಅವರೇ ಒತ್ತಲಿ. ಹೆಸರು ಬರೆಯಿರಿ ಎಂದು ಕೇಳಿದ ಮೇಲೆ ಕೆಲವರು ಟಿಕೆಟ್ ಅನ್ನು ಮೊದಲ ಸಲ ಪೂರ್ತಿ ಓದುತ್ತಾರೆ.

[ತೆರೆಯ ಮೇಲೆ, 15 ಸೆಕೆಂಡು: ಆಕ್ಷೇಪದ ಖಾಲಿ ನಮೂನೆ. ಆವೃತ್ತಿ / ಯಾವ ಸ್ಥಿತಿಯಲ್ಲಿ / ಯಾರಿಗೆ ಏನು ಹಾನಿ / ಎಷ್ಟು ಬಾರಿ ಕಂಡಿತು / ಏನನ್ನು ಪರೀಕ್ಷಿಸಿಲ್ಲ / ದಾರಿಗಳು ಮತ್ತು ದಿನಗಳು / ತೀರ್ಮಾನಿಸಿದವರ ಹೆಸರು, ದಿನಾಂಕ.]