ನೀರುನಾಯಿಯ ಬಾಲ

ಇಲಿಯಲ್ಲ. ಮುಂಗುಸಿಯೂ ಅಲ್ಲ. ನನ್ನ ಅಂಗೈ ಮೇಲೆ ಕುಳಿತಿರುವ ಈ ಕಂದು ದಾರದ ಗೊಂಬೆ ನೀರುನಾಯಿ. ಕೊಪ್ಪಳ ಜಿಲ್ಲೆಯ ಹುಲಿಗಿಯಲ್ಲಿ ಹುಣ್ಣಿಮೆಯ ದಿನ ಗೊಂಬೆ ಮಾರಲು ಮೇಜು ಹಾಕಿಕೊಂಡು ಕುಳಿತಾಗ ಈ ಮಾತನ್ನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಹುಲಿಗೆಮ್ಮನ ದರ್ಶನ ಮುಗಿಸಿ ಬಂದವರು ಎತ್ತಿ ನೋಡುವುದು, ಇಲಿಯೇ ಎಂದು ಕೇಳುವುದು, ನಾನು ಪುರಾಣ ಬಿಚ್ಚುವುದು: ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ತುಂಗಭದ್ರೆಯನ್ನು 2015ರಲ್ಲಿ ಇವುಗಳಿಗಾಗಿಯೇ ಮೀಸಲು ಮಾಡಿದ್ದಾರೆ, ಇದು ನಮ್ಮದೇ ಹೊಳೆಯ ಪ್ರಾಣಿ, ಇತ್ಯಾದಿ. ಜನರಿಗೆ ಗುರುತು ಸಿಗುವುದಿಲ್ಲವೋ, ನನ್ನ ಹೆಣಿಗೆಯೇ ಇಲಿಯ ಹಾಗಿದೆಯೋ? ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಕೈಯನ್ನು ಹತ್ತಿರದಿಂದ ನೋಡಿ. ಇದು ಎರಡು ಕಡ್ಡಿಯ ಸ್ವೆಟರ್ ಹೆಣಿಗೆಯಲ್ಲ, ತುದಿಯಲ್ಲಿ ಕೊಕ್ಕೆ ಇರುವ ಒಂದೇ ಕ್ರೋಶಾ ಕಡ್ಡಿ. ಜಪಾನಿನಲ್ಲಿ ಇಂತಹ ಗೊಂಬೆಗೆ ಅಮಿಗುರುಮಿ ಎನ್ನುತ್ತಾರೆ. ದಾರದ ಉಂಗುರದೊಳಗೆ 6 ಕುಣಿಕೆ, ಮುಂದಿನ ಸುತ್ತಿಗೆ 12, ಆಮೇಲೆ 18, 24, 30. ಹೀಗೆ ಆರಾರು ಹೆಚ್ಚುತ್ತಿದ್ದರೆ ಚಪ್ಪಟೆ ಬಿಲ್ಲೆ. ಹೆಚ್ಚಿಸುವುದನ್ನು ನಿಲ್ಲಿಸಿದ ಕೂಡಲೇ ಅಂಚು ಮೇಲೇಳುತ್ತದೆ, ಬಿಲ್ಲೆ ಬಟ್ಟಲಾಗುತ್ತದೆ. ಆ ಬಟ್ಟಲೇ ತಲೆ. ಬಿಗಿಯಾಗಿ ಹೆಣೆಯದಿದ್ದರೆ ಒಳಗೆ ತುಂಬಿದ ಹತ್ತಿ ಇಣುಕುತ್ತದೆ. ಒಲೆಯ ಮೇಲೆ ಬೇಳೆ ಇಟ್ಟು ಹೆಣೆಯಲು ಕೂರಬೇಡಿ. ಕುಕ್ಕರಿನ ಸೀಟಿ ಯಾವುದು, ಕುಣಿಕೆ ಯಾವುದು ಎಂದು ಲೆಕ್ಕ ತಪ್ಪಿ ನನ್ನ ಒಂದು ಕರಡಿಗೆ ತಲೆ ಸೊಟ್ಟಗಿದೆ. ಕಣ್ಣಿಗೆ ನಾನು ಗುಂಡಿ ಹಚ್ಚುವುದಿಲ್ಲ, ಕಪ್ಪು ದಾರದಲ್ಲಿ ಕಸೂತಿ ಹಾಕುತ್ತೇನೆ. ಸಣ್ಣ ಮಕ್ಕಳು ಗುಂಡಿಯನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ.

ಕೊಪ್ಪಳದ ಮೇ ತಿಂಗಳಲ್ಲಿ ಅಕ್ರಿಲಿಕ್ ಉಲ್ಲನ್ ಹಿಡಿದರೆ ದಾರ ಬೆವರಿದ ಬೆರಳಿಗೇ ಅಂಟುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಹತ್ತಿ ದಾರ. ನಾನು ಹೆಣೆಯುವ ಕರಡಿ, ಕರಡಿಧಾಮವಿರುವ ದರೋಜಿಯ ಕಡೆಯದು, ಕಪ್ಪು ಮೈ, ಎದೆಯ ಮೇಲೊಂದು ಬಿಳಿ ಪಟ್ಟಿ. ಅದನ್ನು ಯಾರೂ ಇಲಿ ಎನ್ನಲಿಲ್ಲ.

ದುಡ್ಡು ಯಾರಿಗೆ ಎಂದು ಕೇಳುತ್ತೀರಿ. ಥಲಸ್ಸೇಮಿಯಾ ಎಂಬ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ತೀವ್ರವಾಗಿರುವ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು, ಅದೂ ಜೀವನಪರ್ಯಂತ. ನಾನು ನೋಡಿದ ತಾಯಂದಿರು ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರುತ್ತಾರೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ತಾಯಿಗೆ ಪ್ರಯಾಣ ಉಚಿತ, ಆರು ದಾಟಿದ ಮಗನಿಗೆ ಅರ್ಧ ಟಿಕೆಟ್ ಇದೆ, ಜೊತೆಗೆ ಬಂದ ತಂದೆಗೆ ಪೂರ್ತಿ ಇದೆ, ಅವನ ಆ ದಿನದ ಕೂಲಿಯೂ ಹೋಯಿತು. ಮಧ್ಯಾಹ್ನದ ಊಟ ಬೇರೆ. ಅಂತಹ ನಾಲ್ಕು ಮನೆಗಳ ಬಸ್ಸು, ಊಟದ ಖರ್ಚಿಗೆ ಈ ಗೊಂಬೆಗಳು. ಮಕ್ಕಳಿಗೆ ಗೊಂಬೆಯನ್ನೇ ಕೊಡಬಾರದೇ? ಕೊಟ್ಟಿದ್ದೇನೆ. ಗೊಂಬೆಯನ್ನು ಕಂಡಕ್ಟರ್ ತೆಗೆದುಕೊಳ್ಳುವುದಿಲ್ಲ.

ಒಂದಕ್ಕೆ 250 ರೂಪಾಯಿ. ಆರು ಗಂಟೆಯ ಕೆಲಸ, ದಾರ ಮತ್ತು ಹತ್ತಿಗೆ 70 ರೂಪಾಯಿ. "ದಾನಕ್ಕೆ ಎಂದ ಮೇಲೆ ನೂರಕ್ಕೆ ಕೊಡಿ, ಅಕ್ಕ" ಎಂದವರು ಒಬ್ಬರಲ್ಲ. ದಾನದ ಹೆಸರಿನಲ್ಲೇ ಚೌಕಾಸಿ! ಪಕ್ಕದ ಕಿನ್ನಾಳದಲ್ಲಿ ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟು ಹಾಕಿ, ಬಣ್ಣ ಬಳಿದು ಗೊಂಬೆ ಮಾಡುವುದನ್ನು ಕಂಡ ಜಿಲ್ಲೆ ನಮ್ಮದು. ಕೈಕೆಲಸಕ್ಕೆ ಎಷ್ಟು ಹೊತ್ತು ಬೇಕೆಂದು ನಮಗೆ ಹೊರಗಿನವರು ಹೇಳಬೇಕಾಗಿಲ್ಲ. ನಾನು ಬೆಲೆ ಇಳಿಸಲಿಲ್ಲ. ಮಕ್ಕಳ ಕಾಯಿಲೆಯ ಫಲಕವನ್ನೂ ಹಾಕಲಿಲ್ಲ, ಕೇಳಿದವರಿಗೆ ಮಾತ್ರ ಹೇಳಿದೆ. 23 ಹೋದವು. 5,750ರಲ್ಲಿ ಸಾಮಾನಿನ ಖರ್ಚು 1,610 ಕಳೆದು 4,140 ಉಳಿಯಿತು.

ಸಂಜೆ ಮೇಜು ಮಡಚುವ ಹೊತ್ತಿಗೆ ಒಬ್ಬ ಅಜ್ಜ ಬಂದರು, ಹರಿಗೋಲಿನಲ್ಲಿ ಮೀನು ಹಿಡಿಯುವವರು. ಗೊಂಬೆಯನ್ನು ತಿರುಗಿಸಿ ನೋಡಿ, "ನೀರುನಾಯಿ" ಎಂದರು. ಇಡೀ ದಿನದಲ್ಲಿ ಅವರೊಬ್ಬರೇ! ನನ್ನ ಹಿಗ್ಗು ಹೆಚ್ಚು ಹೊತ್ತು ಉಳಿಯಲಿಲ್ಲ. "ಬಾಲ ಮಾತ್ರ ಇಲಿಯದು, ತಂಗಿ. ಇದರ ಬಾಲ ಬುಡದಲ್ಲಿ ದಪ್ಪ, ತುದಿಗೆ ಹೋಗುತ್ತಾ ಚಪ್ಪಟೆ."

"ಒಂದು ತೆಗೆದುಕೊಳ್ಳಿ, ಅಜ್ಜ" ಎಂದೆ.

"ನನ್ನ ಬಲೆ ಹರಿಯುವ ಕಳ್ಳನಿಗೆ ನಾನೇ ದುಡ್ಡು ಕೊಡಲೇ?" ಎಂದು ನಕ್ಕು, ಮೊಮ್ಮಗಳಿಗೆಂದು ಆ ಸೊಟ್ಟ ತಲೆಯ ಕರಡಿಯನ್ನು ಕೊಂಡು ಹೋದರು.

ಮಾರಾಟವಾಗದೆ ಉಳಿದ ನೀರುನಾಯಿಗಳು ಏಳು. ನೀವೀಗ ನೋಡುತ್ತಿರುವುದು ನಾನು ಬಿಚ್ಚುತ್ತಿರುವ ನಾಲ್ಕನೆಯ ಬಾಲ.