ಪಾರ್ಕ್ ಟೆಂಡರ್‌ಗೆ ಮುಂಚೆ ಏರಿಯಾ ಜನನ್ನ ಕೇಳ್ಬೇಕು, ಯಾಕೆ?

ಎಲ್ರಿಗೂ ನಮಸ್ಕಾರ. ನಿಮ್ಮ ಏರಿಯಾ ಪಾರ್ಕ್‌ಗೆ ಒಂದ್ಸಲ ಮಧ್ಯಾಹ್ನ 12 ಗಂಟೆಗೆ ಹೋಗಿ ನೋಡಿ. ಬೆಂಗಳೂರಲ್ಲಿ ಎಷ್ಟೋ ವರ್ಷ ಆ ಹೊತ್ತಲ್ಲಿ ಗೇಟಿಗೆ ಬೀಗ ಇರ್ತಿತ್ತು. ಬೆಳಿಗ್ಗೆ ವಾಕಿಂಗ್ ಮುಗೀತಾ, ಬೀಗ. 2024ರಲ್ಲಿ ಬಿಬಿಎಂಪಿ ಪಾರ್ಕ್‌ಗಳನ್ನ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೂ ತೆಗೆದಿಡ್ಬೇಕು ಅಂತ ಆಯ್ತು. ಅಲ್ಲೀವರೆಗೂ ಬಿಸಿಲಲ್ಲಿ ಡೆಲಿವರಿ ಮಾಡೋ ಹುಡುಗ್ರು, ಒಂದ್ಮನೆ ಕೆಲಸ ಮುಗಿಸಿ ಇನ್ನೊಂದ್ಮನೆಗೆ ಹೋಗೋ ಮಧ್ಯೆ ಅರ್ಧ ಗಂಟೆ ಕೂತ್ಕೊಳ್ಳೋಣ ಅನ್ನೋ ಹೆಂಗಸ್ರು, ಪೌರಕಾರ್ಮಿಕರು, ಇವ್ರಿಗೆಲ್ಲ ಫುಟ್‌ಪಾತೇ ಗತಿ. ನೆರಳು ಯಾರಿಗೆ ಜಾಸ್ತಿ ಬೇಕೋ ಅವ್ರಿಗೇ ಗೇಟ್ ಬಂದ್! ನಂಗೆ ಇದು ತುಂಬಾ ಬೇಜಾರಾಗೋ ವಿಷ್ಯ, ಯಾಕಂದ್ರೆ ಪಾರ್ಕ್ ಬಗ್ಗೆ "ಸ್ಥಳೀಯರನ್ನ ಕೇಳಿದ್ವಿ" ಅಂದಾಗ ಸಾಮಾನ್ಯವಾಗಿ ಬೆಳಿಗ್ಗೆ 6 ಗಂಟೆಗೆ ಬರೋರನ್ನ ಮಾತ್ರ ಕೇಳಿರ್ತಾರೆ.

(ಸ್ಕ್ರೀನ್ ಮೇಲೆ: ಕೈಕೊಂಡ್ರಹಳ್ಳಿ ಕೆರೆ, ಸರ್ಜಾಪುರ ರೋಡ್)

ಎಲ್ರನ್ನೂ ಕೇಳಿದ್ರೆ ಏನಾಗುತ್ತೆ ಅನ್ನೋಕೆ ಈಗ ಈ ಕೆರೆ ನೋಡಿ, ಸುಮಾರು 48 ಎಕರೆ. ಇದನ್ನ ಸರಿ ಮಾಡೋವಾಗ ಸುತ್ತಮುತ್ತಲಿನ ನಿವಾಸಿಗಳು, ಸಂಶೋಧಕರು, ಬಿಬಿಎಂಪಿ ಇಂಜಿನಿಯರ್‌ಗಳು ಒಟ್ಟಿಗೆ ಕೂತು ಪ್ಲ್ಯಾನ್ ಮಾಡಿದ್ರು. ಅಪಾರ್ಟ್‌ಮೆಂಟಿನೋರಿಗೆ ವಾಕಿಂಗ್ ಪಾತ್ ಬೇಕಿತ್ತು, ಸರಿ, ಆದ್ರೆ ಹಳೇ ಹಳ್ಳಿ ಜನ ಅಲ್ಲಿ ದನಕ್ಕೆ ಹುಲ್ಲು ಕೊಯ್ತಿದ್ರು, ಮೀನು ಹಿಡೀತಿದ್ರು, ಗಣೇಶನ್ನ ಬಿಡ್ತಿದ್ರು. ಹಾಗಾಗಿ ವಿಸರ್ಜನೆಗೆ ಬೇರೆ ಕಲ್ಯಾಣಿ ಬಂತು, ಹುಲ್ಲು ಕೊಯ್ಯೋದು ಮೀನುಗಾರಿಕೆ ಎರಡೂ ಉಳೀತು. ಅವ್ರನ್ನ ಆಚೆ ಹಾಕಿ ಬೇಲಿ ಕಟ್ಟಿದ್ರೆ ನೋಡೋಕೆ ಚಂದ ಇರ್ತಿತ್ತೇನೋ, ಆದ್ರೆ ತಲೆಮಾರುಗಳಿಂದ ಕೆರೆ ನೋಡ್ಕೊಂಡು ಬಂದೋರ ಕಣ್ಣು ಕೆರೆ ಮೇಲೆ ಇರ್ತಿರ್ಲಿಲ್ಲ.

ಕೇಳೋದು ಒಂದು, ಕೊನೇವರೆಗೂ ಜೊತೆಗಿರೋದು ಇನ್ನೊಂದು. ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆ ಬರೀ 13 ಎಕರೆ ಚಿಲ್ರೆ, ಒಂದು ಕಾಲಕ್ಕೆ ಒಣಗಿ ಹೋಗಿತ್ತು. ಅಲ್ಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಮಾಡ್ಕೊಂಡು, 2011ರಲ್ಲಿ ಬಿಬಿಎಂಪಿ ಜೊತೆ ಒಪ್ಪಂದ ಮಾಡ್ಕೊಂಡು ನಿರ್ವಹಣೆ ಕೈಗೆತ್ಕೊಂಡ್ರು. ಗಿಡ ನೆಟ್ರು, ಕಸ ತೆಗೆದ್ರು, ಮಳೆನೀರು ಕೆರೆಗೇ ಬರೋ ಹಾಗೆ ಮಾಡಿದ್ರು, ಅದೂ ಸಾಲ್ದೇ ಇದ್ದಾಗ ಪಕ್ಕದ ದೊಡ್ಡ ಅಪಾರ್ಟ್‌ಮೆಂಟಿನ ಶುದ್ಧೀಕರಿಸಿದ ನೀರನ್ನ ಕೆರೆಗೆ ತಂದ್ರು. ಮಳೆ ಕೈಕೊಟ್ರೂ ಕೆರೆಗೆ ನೀರು. ದಿನಾ ನೋಡೋರಿಗೆ ಮಾತ್ರ ಹೊಳೆಯೋ ಐಡಿಯಾ ಇದು, ಟೆಂಡರ್‌ಗೆ ಮುಂಚೆ ಆಫೀಸಲ್ಲಿ ಕೂತು ಮಾಡೋ ಎಸ್ಟಿಮೇಟಲ್ಲಿ, ಅಂದ್ರೆ ಏನೇನು ಕೆಲ್ಸ, ಎಷ್ಟು ಖರ್ಚು ಅನ್ನೋ ಲೆಕ್ಕದಲ್ಲಿ, ಇದೆಲ್ಲ ಬರಲ್ಲ.

ಸರಿ, ನೀವೇನ್ ಮಾಡ್ಬಹುದು? ಈ ಭಾನುವಾರ ಒಂದು ನೋಟ್‌ಬುಕ್ ಹಿಡ್ಕೊಂಡು ಪಾರ್ಕಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ಗಂಟೆ ಕೂತ್ಕೊಳ್ಳಿ. ಯಾರ್ ಬಂದ್ರು, ಎಲ್ಲಿ ಕೂತ್ರು, ಯಾವ ಬೆಂಚು ಖಾಲಿ ಇತ್ತು, ಹೆಣ್ಮಕ್ಳು ಕತ್ತಲಾದ ಕೂಡ್ಲೆ ಯಾವ ಮೂಲೆಯಿಂದ ಎದ್ದು ಹೋದ್ರು, ಬರ್ಕೊಳ್ಳಿ. ಸೋಮವಾರ ಮಧ್ಯಾಹ್ನಾನೂ ಒಂದ್ಸಲ ಹೋಗಿ, ಭಾನುವಾರ ಕಾಣದೇ ಇರೋರು ಅವತ್ತು ಸಿಗ್ತಾರೆ. ಅವ್ರನ್ನ ಮಾತಾಡ್ಸಿ. ಮಾಲಿಯನ್ನಂತೂ ಬಿಡ್ಲೇಬೇಡಿ, ಯಾವ ಗಿಡಕ್ಕೆ ನೀರು ಹೋಗಲ್ಲ ಅಂತ ಅವ್ರಷ್ಟು ಯಾರಿಗೂ ಗೊತ್ತಿರಲ್ಲ.

ಆ ಪಟ್ಟಿ ತಗೊಂಡು ನಿಮ್ಮ ಪಾಲಿಕೆ ತೋಟಗಾರಿಕೆ ವಿಭಾಗಕ್ಕೆ ಹೋಗಿ. ಬೆಂಗಳೂರಲ್ಲಿ 2025ರಿಂದ ಬಿಬಿಎಂಪಿ ಬದಲು 5 ಪಾಲಿಕೆ ಆಗಿರೋದ್ರಿಂದ ನಿಮ್ದು ಯಾವ್ದು ಅಂತ ಮೊದ್ಲು ನೋಡ್ಕೊಳ್ಳಿ. ಅಲ್ಲಿ ಕೇಳ್ಬೇಕಾಗಿರೋ ಮೊದಲ್ನೇ ಪ್ರಶ್ನೆ: ನಮ್ಮ ಪಾರ್ಕಿನ ಎಸ್ಟಿಮೇಟ್ ಯಾವಾಗ ರೆಡಿ ಮಾಡ್ತೀರ, ಅವತ್ತು ನಾವೂ ಬರ್ಬಹುದಾ ಸರ್?