ಬಿಳಿ ಕುದುರೆಯ ಕಪ್ಪು ಬಾಲ: ಕದ್ರು ಮತ್ತು ವಿನತೆಯರ ಪಂದ್ಯ

[ಪರದೆ: ಒಂದು ಕಡೆ ಮೊಟ್ಟೆಗಳ ರಾಶಿ, ಇನ್ನೊಂದು ಕಡೆ ಎರಡೇ ಎರಡು ಮೊಟ್ಟೆ]

ನಮಸ್ಕಾರ. ಮಹಾಭಾರತದ ಆದಿಪರ್ವದಲ್ಲಿ ಕೌರವ ಪಾಂಡವರ ಜಗಳಕ್ಕಿಂತ ಮೊದಲೇ ಒಂದು ಮತ್ಸರದ ಕಥೆ ಬರುತ್ತದೆ. ಅದು ಅಣ್ಣತಮ್ಮಂದಿರದಲ್ಲ, ಅಕ್ಕತಂಗಿಯರದು. ಕದ್ರು, ವಿನತೆ ಇಬ್ಬರೂ ದಕ್ಷನ ಮಕ್ಕಳು. ಇಬ್ಬರ ಕೈ ಹಿಡಿದವನೂ ಕಶ್ಯಪನೇ.

ವರ ಕೇಳುವ ಹೊತ್ತು ಬಂದಾಗ ಕದ್ರು ಸಾವಿರ ನಾಗಪುತ್ರರನ್ನು ಬೇಡಿದಳು. ವಿನತೆ ಕೇಳಿದ್ದು ಇಬ್ಬರನ್ನೇ, ಆದರೆ ಆ ಇಬ್ಬರು ಕದ್ರುವಿನ ಸಾವಿರ ಮಕ್ಕಳನ್ನೂ ಮೀರಿಸಬೇಕು! ಐನೂರು ವರ್ಷಗಳಾದ ಮೇಲೆ ಕದ್ರುವಿನ ಮೊಟ್ಟೆಗಳೆಲ್ಲ ಮರಿಯಾದವು, ವಿನತೆಯವು ಮಿಸುಕಲಿಲ್ಲ. ನಾಚಿಕೆ ತಾಳಲಾರದೆ ಅವಳು ಒಂದನ್ನು ತಾನೇ ಒಡೆದಳು. ಒಳಗಿದ್ದ ಅರುಣನಿಗೆ ಮೇಲಿನ ಅರ್ಧ ದೇಹ ಮಾತ್ರ ಬೆಳೆದಿತ್ತು. ಯಾರೊಡನೆ ಪೈಪೋಟಿಗೆ ಬಿದ್ದೆಯೋ ಅವಳಿಗೇ ದಾಸಿಯಾಗು ಎಂದು ಮಗನೇ ತಾಯಿಯನ್ನು ಶಪಿಸಿದ. ಇನ್ನೊಂದು ಮೊಟ್ಟೆಯನ್ನು ಮುಟ್ಟದೆ ಕಾದರೆ ಅದರಿಂದ ಹುಟ್ಟುವವನು ಬಿಡಿಸುತ್ತಾನೆ ಎಂದೂ ಹೇಳಿದ.

ಕದ್ರು ಕೆಟ್ಟವಳು, ವಿನತೆ ಪಾಪದವಳು ಎಂದು ಕಥೆ ಹೇಳುವವರು ಈ ಮೊಟ್ಟೆಯ ಪ್ರಸಂಗವನ್ನು ಹಾರಿಸಿಬಿಡುತ್ತಾರೆ. ಅದು ಕಥೆಗೆ ಮಾಡುವ ಅನ್ಯಾಯ. ತನ್ನ ಜಿದ್ದಿಗೆ ಹೆತ್ತ ಮಗುವನ್ನು ಬಲಿಕೊಟ್ಟವರಲ್ಲಿ ಮೊದಲಿಗಳು ವಿನತೆಯೇ.

[ಪರದೆ: ಸಮುದ್ರದಂಚಿನಲ್ಲಿ ಬಿಳಿ ಕುದುರೆ]

ಇನ್ನು ಪಂದ್ಯ. ಸಮುದ್ರಮಥನದಲ್ಲಿ ಹುಟ್ಟಿದ ಉಚ್ಚೈಃಶ್ರವಸ್ಸೆಂಬ ಕುದುರೆಯ ಬಣ್ಣ ಯಾವುದು? ಪೂರ್ತಿ ಬಿಳಿ ಎಂದಳು ವಿನತೆ. ಬಾಲ ಕಪ್ಪು ಎಂದಳು ಕದ್ರು. ಸೋತವಳು ಗೆದ್ದವಳ ದಾಸಿ. ನೋಡುವುದು ಮರುದಿನ. ಆ ನಡುವೆ ಕದ್ರು ಮಕ್ಕಳನ್ನು ಕರೆದು, ಕಪ್ಪು ಕೂದಲಾಗಿ ಬಾಲಕ್ಕೆ ಸೇರಿಕೊಳ್ಳಿ ಎಂದಳು. ಅವರು ಒಪ್ಪಲಿಲ್ಲ. ಹಾಗಾದರೆ ಮುಂದೆ ರಾಜ ಜನಮೇಜಯ ಮಾಡುವ ಸರ್ಪಯಾಗದಲ್ಲಿ ಸುಟ್ಟುಹೋಗಿ ಎಂದು ಶಪಿಸಿದಳು! ಶಾಪಕ್ಕೆ ಹೆದರಿದ ಹಾವುಗಳು ಬಾಲಕ್ಕೆ ಸುತ್ತಿಕೊಂಡವು. ಬೆಳಗಾಗುತ್ತಲೇ ವಿನತೆ ತೊತ್ತಾದಳು.

ನನ್ನನ್ನು ಬಹಳವಾಗಿ ಕಾಡುವ ಘಟ್ಟ ಮುಂದಿದೆ. ಎರಡನೆಯ ಮೊಟ್ಟೆಯಿಂದ ಬಂದ ಗರುಡ ತಾಯಿಯ ಜೊತೆ ತಾನೂ ಊಳಿಗಕ್ಕೆ ನಿಂತ. ನಾಗಗಳನ್ನು ಹೊತ್ತು ಸೂರ್ಯನ ಹತ್ತಿರಕ್ಕೇ ಹಾರಿದ. ಬಿಸಿಲಿಗೆ ಬೆಂದು ಅವು ಮೂರ್ಛೆ ಹೋದವು. ಆಗ ಕದ್ರು ಮಳೆ ಸುರಿಸೆಂದು ಇಂದ್ರನನ್ನು ಅಂಗಲಾಚಿ ಬೇಡಿದಳು. ಬೆಂಕಿಯಲ್ಲಿ ಬೇಯಿರಿ ಎಂದು ಶಪಿಸಿದ ಅದೇ ತಾಯಿ!

ವಿನತೆಯ ಬಿಡುಗಡೆಗೆ ನಾಗಗಳು ಅಮೃತ ಕೇಳಿದವು. ಗರುಡ ತಂದು ದರ್ಭೆಯ ಮೇಲಿಟ್ಟ, ಸ್ನಾನ ಮಾಡಿ ಬಂದು ಕುಡಿಯಿರಿ ಎಂದ. ಅವು ಬರುವಷ್ಟರಲ್ಲಿ, ಮೊದಲೇ ಮಾತಾಗಿದ್ದಂತೆ ಇಂದ್ರ ಅದನ್ನು ಎತ್ತಿಕೊಂಡು ಹೋಗಿದ್ದ. ಬರಿಯ ದರ್ಭೆಯನ್ನು ನೆಕ್ಕಿ ಹಾವುಗಳ ನಾಲಗೆ ಸೀಳಿತು. ಕೊಟ್ಟ ಮಾತು ತಪ್ಪಲಿಲ್ಲ, ಮೋಸಕ್ಕೆ ಮೋಸವೂ ಸಂದಿತು.

ಆದರೆ ಕದ್ರುವಿನ ಶಾಪ ಉಳಿದೇ ಇತ್ತು. ಮುಂದೆ ತಂದೆ ಪರೀಕ್ಷಿತನನ್ನು ಕೊಂದ ನಾಗ ತಕ್ಷಕನ ಮೇಲಿನ ಸೇಡಿಗೆ ಜನಮೇಜಯ ಸರ್ಪಯಾಗ ಹೂಡಿದ. ನಾಗರಾಜ ವಾಸುಕಿಯ ತಂಗಿಯ ಮಗ ಆಸ್ತೀಕ ಅದನ್ನು ನಿಲ್ಲಿಸಿದ. ಅದೇ ಯಾಗದ ಬಿಡುವಿನ ವೇಳೆಗಳಲ್ಲಿ ವೈಶಂಪಾಯನ ರಾಜನಿಗೆ ಹೇಳಿದ ಕಥೆಯೇ ಮಹಾಭಾರತ.